ಅಳತೆ ಬೇರೆಯಾದ ಕೇಬಲ್ಲುಗಳ ಜೋಡಣೆ: ನವಿಲುತೀರ್ಥದ ಹಿನ್ನೀರ ದಂಡೆಯ ಪಂಪುಗಳಿಗೆ ಲಗ್ಗು ಬೋಲ್ಟುಗಳ ಕ್ರಮ

ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಗೆ ಸವದತ್ತಿ ತಾಲೂಕಿನ ನವಿಲುತೀರ್ಥದ ಬಳಿ, ಗುಡ್ಡಗಳ ಇಕ್ಕಟ್ಟಿನಲ್ಲಿ ಆಣೆಕಟ್ಟನ್ನು ಕಟ್ಟಿರುವ ಸಂಗತಿಯು ಈ ಸೀಮೆಯ ಒಕ್ಕಲಿಗರೆಲ್ಲರಿಗೂ ತಿಳಿದುದೇ ಆಗಿದೆ. ರೇಣುಕಾಸಾಗರವೆಂಬ ಹೆಸರಿನ ಈ ಜಲಾಶಯದಲ್ಲಿ 37.73 ಟಿ.ಎಂ.ಸಿ. ನೀರು ನಿಲ್ಲುವುದು, ಅದು ತುಂಬಿದಾಗ ನೀರಿನ ಮಟ್ಟವು ಸಮುದ್ರಮಟ್ಟಕ್ಕಿಂತ 2079.50 ಅಡಿ ಎತ್ತರದಲ್ಲಿರುವುದು. ಮುಂಗಾರಿನಲ್ಲಿ ಏರಿದ ಈ ನೀರು ಹಿಂಗಾರು ಕಳೆದು ಬೇಸಿಗೆ ಬಂದಂತೆ ಇಳಿಯುತ್ತ ಹೋಗುವುದು. ನೀರು ಇಳಿದಂತೆಲ್ಲ ದಂಡೆಯು ದೂರ ಸರಿಯುವುದು. ದಂಡೆ ಸರಿದಂತೆಲ್ಲ ಪಂಪನ್ನೂ ಮುಂದೆ ಮುಂದೆ ಒಯ್ಯಬೇಕಾಗುವುದು. ಪಂಪು ಮುಂದೆ ಹೋದಷ್ಟೂ ಅದಕ್ಕೆ ವಿದ್ಯುಚ್ಛಕ್ತಿಯನ್ನೊಯ್ಯುವ ಕೇಬಲ್ಲು ಗಿಡ್ಡವಾಗುತ್ತದೆ.

ಈ ಹೊತ್ತಿನಲ್ಲಿ ಒಕ್ಕಲಿಗನು ಮಾಡುವುದೇನು? ಹೊಲದಲ್ಲಿ ಕಬ್ಬು ಬಾಡುತ್ತಿರುವುದು. ಮೂರು ಫೇಸಿನ ವಿದ್ಯುತ್ತು ಸರದಿಯ ಮೇಲೆ ಬರುವುದು. ತಾಲೂಕಿನ ಪೇಟೆಗೆ ಹೋಗಿ ಹೊಸ ಕೇಬಲ್ಲು ತರಲು ವೇಳೆಯೂ ಇಲ್ಲ, ಹಣವೂ ಇಲ್ಲ. ಆದುದರಿಂದ ಮನೆಯ ಅಟ್ಟದ ಮೇಲೆ ಬಿದ್ದಿದ್ದ ಹಳೆಯ ತುಂಡನ್ನು ಹುಡುಕಿ ತಂದು, ಎರಡರ ತುದಿಗಳನ್ನೂ ಸುಲಿದು, ಪಕ್ಕಡದಿಂದ ಹೆಣೆದು, ಮೇಲೊಂದು ಟೇಪು ಸುತ್ತಿ, ಅದರ ಮೇಲೆ ಗೊಬ್ಬರದ ಚೀಲದ ಪ್ಲಾಸ್ಟಿಕ್ಕನ್ನು ಕಟ್ಟಿ ಬಿಡುತ್ತಾನೆ. ಮೊದಲಿದ್ದ ಕೇಬಲ್ಲು ದಪ್ಪನೆಯದು, ಕೂಡಿಸಿದ ತುಂಡು ಸಣ್ಣದು. ಒಂದು ಅಲ್ಯೂಮಿನಿಯಮ್ಮಿನದು, ಇನ್ನೊಂದು ತಾಮ್ರದ್ದು. ಪಂಪು ಅಂದು ನಡೆಯುವುದು ನಿಜ. ಆದರೆ ಆ ಗಂಟು ಹಸಿ ಮಣ್ಣಿನಲ್ಲಿ, ನೀರಿನಂಚಿನಲ್ಲಿ, ರಾತ್ರಿಯ ವೇಳೆ ಬರಿಗಾಲಿನಿಂದ ಓಡಾಡುವ ಮನುಷ್ಯನ ಹಾದಿಯಲ್ಲಿ ಬಿದ್ದಿರುವುದೆಂಬುದನ್ನು ಮರೆಯಬಾರದು. ಮೋಟರು ಸುಡುವುದಕ್ಕೂ, ಅದಕ್ಕಿಂತ ಮಿಗಿಲಾಗಿ ಮನೆಯ ಮಗನನ್ನೋ ಹೊಲದ ಆಳನ್ನೋ ಕಳೆದುಕೊಳ್ಳುವುದಕ್ಕೂ ಇಂಥ ಗಂಟುಗಳೇ ಕಾರಣವಾಗಬಲ್ಲವು. ಅಳತೆ ಬೇರೆಯಾದ ಕೇಬಲ್ಲುಗಳನ್ನು ಕೂಡಿಸಲೇಬಾರದೆಂದಲ್ಲ. ಕೂಡಿಸುವುದಕ್ಕೆ ಒಂದು ಸರಿಯಾದ ಕ್ರಮವುಂಟು. ಆ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ದೂರಕ್ಕೆ ದಪ್ಪವೇ ಬೆಲೆ

1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರು ದೂರ ವಿದ್ಯುಚ್ಛಕ್ತಿಯನ್ನು ಒಯ್ಯಲಾಯಿತು. ಅಷ್ಟು ದೂರ ಅದು ಸೋರದೆ ಮುಟ್ಟಿದುದು ವೋಲ್ಟೇಜನ್ನು ಬಹಳ ಏರಿಸಿ ಕಳುಹಿಸಿದ್ದರಿಂದ. ಹೊಲದ ಪಂಪಿಗೆ ಈ ಉಪಾಯವಿಲ್ಲ. ಟ್ರಾನ್ಸ್‌ಫಾರ್ಮರಿನಿಂದ ಈಚೆಗೆ ಬರುವುದು 415 ವೋಲ್ಟು ಮಾತ್ರ. ಆದುದರಿಂದ ಅಲ್ಲಿಂದ ಮುಂದಿನ ದೂರಕ್ಕೆ ಬೆಲೆಯನ್ನು ತಂತಿಯ ದಪ್ಪದಿಂದಲೇ ತೆರಬೇಕು.

ಅಂಗಡಿಯಲ್ಲಿ 6 ಎಂಎಂ, 10 ಎಂಎಂ, 16 ಎಂಎಂ ಎಂದು ಕೇಬಲ್ಲಿಗೆ ಹೆಸರಿಡುವರಷ್ಟೆ. ಇದು ತಂತಿಯ ಅಡ್ಡಗಲವಲ್ಲ. ತಂತಿಯನ್ನು ಅಡ್ಡಕ್ಕೆ ಕತ್ತರಿಸಿದಾಗ ಕಾಣುವ ಲೋಹದ ಕ್ಷೇತ್ರಫಲವು ಇಷ್ಟು ಚದರ ಮಿಲಿಮೀಟರು ಎಂಬುದು ಇದರ ಅರ್ಥ. ಮೇಲಿನ ಹೊದಿಕೆಯ ದಪ್ಪವನ್ನು ನೋಡಿ ಮೋಸಹೋಗಬಾರದು. ಹೊದಿಕೆ ದಪ್ಪಗಿದ್ದು ಒಳಗಿನ ಲೋಹ ಸಣ್ಣದಾಗಿರುವ ಕೇಬಲ್ಲುಗಳು ಪೇಟೆಯಲ್ಲಿ ಸಿಗುತ್ತವೆ.

ಪ್ರತಿಯೊಂದು ತಂತಿಯೂ ಪ್ರವಾಹಕ್ಕೆ ತನ್ನದೊಂದು ತಡೆಯನ್ನು ಒಡ್ಡುವುದು. ಇದಕ್ಕೆ ರೋಧವೆನ್ನುವರು, ಇದನ್ನು ಓಮ್ ಎಂಬ ಮಾನದಿಂದ ಅಳೆಯುವರು. ಒಂದು ಕಿಲೋಮೀಟರು ಉದ್ದದ ಅಲ್ಯೂಮಿನಿಯಮ್ ತಂತಿಯ ರೋಧವು 6 ಚದರ ಮಿಲಿಮೀಟರಿನದಕ್ಕೆ 4.61 ಓಮ್, 10ರದಕ್ಕೆ 3.08 ಓಮ್, 16ರದಕ್ಕೆ 1.91 ಓಮ್, 25ರದಕ್ಕೆ 1.20 ಓಮ್ ಇರುವುದು. ತಾಮ್ರವು ಅಲ್ಯೂಮಿನಿಯಮ್ಮಿಗಿಂತ ಉತ್ತಮ ವಾಹಕವಾದುದರಿಂದ 4ರ ತಾಮ್ರವು 6ರ ಅಲ್ಯೂಮಿನಿಯಮ್ಮಿಗೂ, 6ರ ತಾಮ್ರವು 10ರ ಅಲ್ಯೂಮಿನಿಯಮ್ಮಿಗೂ, 10ರ ತಾಮ್ರವು 16ರ ಅಲ್ಯೂಮಿನಿಯಮ್ಮಿಗೂ ಹೆಚ್ಚುಕಡಿಮೆ ಸರಿಸಮ. ಆದುದರಿಂದ 10ರ ಅಲ್ಯೂಮಿನಿಯಮ್ ಕೇಬಲ್ಲಿಗೆ 6ರ ತಾಮ್ರದ ಕೇಬಲ್ಲನ್ನು ಕೂಡಿಸಿದರೆ ಅಂಕಿಯಲ್ಲಿ ಸಣ್ಣದಾಗಿ ಕಂಡರೂ ಕೆಲಸದಲ್ಲಿ ಸಣ್ಣದಾಗುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಅಲ್ಯೂಮಿನಿಯಮ್ಮನ್ನೇ ಸಣ್ಣ ಅಳತೆಯದನ್ನು ಕೂಡಿಸಿದರೆ ಮಾತ್ರ ಲೆಕ್ಕವೇ ಬೇರೆ.

ಒಂದು ಲೆಕ್ಕ

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಹಿನ್ನೀರ ದಂಡೆಯ ಜಮೀನಿನಲ್ಲಿ 10 ಅಶ್ವಶಕ್ತಿಯ ಪಂಪಿದೆ. ಅದು ಪೂರ್ಣ ಭಾರದಲ್ಲಿ ಸುಮಾರು 15 ಆಂಪಿಯರು ಎಳೆಯುವುದು. ಸ್ಟಾರ್ಟರಿನಿಂದ ಪಂಪಿನವರೆಗೆ 200 ಮೀಟರು 16ರ ಅಲ್ಯೂಮಿನಿಯಮ್ ಕೇಬಲ್ಲು ಇದೆ. ಮಾರ್ಚ್ ತಿಂಗಳಲ್ಲಿ ನೀರು ಹಿಂದೆ ಸರಿಯಿತು. ಇನ್ನೂ 100 ಮೀಟರು ಬೇಕಾಯಿತು. ಮನೆಯಲ್ಲಿದ್ದ 6ರ ಅಲ್ಯೂಮಿನಿಯಮ್ ಕೇಬಲ್ಲನ್ನು ಕೂಡಿಸಲಾಯಿತು.

ಮೊದಲಿನ 200 ಮೀಟರಿನಲ್ಲಿ ಇಳಿಯುವ ವೋಲ್ಟೇಜು ಸುಮಾರು 10 ವೋಲ್ಟು. ಕೂಡಿಸಿದ 100 ಮೀಟರಿನಲ್ಲಿ ಇಳಿಯುವುದು ಸುಮಾರು 12 ವೋಲ್ಟು. ಅಂದರೆ ಅರ್ಧದಷ್ಟು ಉದ್ದದ ಸಣ್ಣ ತುಂಡು ಇಮ್ಮಡಿ ಉದ್ದದ ದಪ್ಪ ಕೇಬಲ್ಲಿಗಿಂತ ಹೆಚ್ಚು ನುಂಗಿತು. 16ರದನ್ನೇ 300 ಮೀಟರು ಎಳೆದಿದ್ದರೆ ಒಟ್ಟು ಇಳಿತವು 15 ವೋಲ್ಟು ಆಗುತ್ತಿತ್ತು. ಈಗ 22 ವೋಲ್ಟು ಆಗಿದೆ. ಈ ಎರಡು ಕೇಬಲ್ಲುಗಳಲ್ಲಿ ಬರಿಯ ಶಾಖವಾಗಿ ಹೋಗುವ ಶಕ್ತಿಯು ಸುಮಾರು 570 ವಾಟು, ಎಂದರೆ ಮುಕ್ಕಾಲು ಅಶ್ವಶಕ್ತಿ. ಇದು ತಂಪು ತಂತಿಯ ಲೆಕ್ಕ. ಬಿಸಿಲಿನಲ್ಲಿ ಕಾಯ್ದ ತಂತಿಯಲ್ಲಿ ನಷ್ಟವು ಇನ್ನೂ ಹೆಚ್ಚು. ಮೇಲಾಗಿ ಮೋಟರು ಹೊರಡುವ ಕ್ಷಣದಲ್ಲಿ ಪೂರ್ಣ ಭಾರದ ಹಲವು ಪಟ್ಟು ಪ್ರವಾಹವನ್ನು ಎಳೆಯುವುದರಿಂದ ಆಗಿನ ಇಳಿತವು ಇದಕ್ಕಿಂತ ಎಷ್ಟೋ ಅಧಿಕ. ವೋಲ್ಟೇಜು ನೂರಕ್ಕೆ 10ರಷ್ಟು ಕಡಿಮೆಯಾದರೆ ಮೋಟರು ತಿರುಗುವ ಬಲವು ನೂರಕ್ಕೆ 19ರಷ್ಟು ಕುಂದುವುದು. ಊರಿನ ಲೈನಿನಲ್ಲಿಯೇ ವೋಲ್ಟೇಜು ಇಳಿದಿರುವಾಗ ಈ ಕುಂದನ್ನೂ ಕೂಡಿಸಿಕೊಂಡರೆ ಮೋಟರು ಗುಂಯ್‌ಗುಟ್ಟುತ್ತ ನಿಂತು ಸುರುಳಿ ಸುಟ್ಟುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಬಲವಾದ ಎತ್ತಿಗೂ ಬಡ ಎತ್ತಿಗೂ ಒಂದೇ ನೊಗ ಹೂಡಿದರೆ ಬಂಡಿಯು ಬಡ ಎತ್ತಿನ ನಡಿಗೆಯಲ್ಲಿಯೇ ನಡೆಯುವುದು. ಕೇಬಲ್ಲುಗಳಿಗೂ ಇದೇ ನ್ಯಾಯ. ಆದುದರಿಂದ ಮೊದಲ ನಿಯಮವೇನೆಂದರೆ: ಎರಡು ಅಳತೆಯ ಕೇಬಲ್ಲುಗಳನ್ನು ಕೂಡಿಸಿದ ಮೇಲೆ ಇಡೀ ದಾರಿಯನ್ನು ಸಣ್ಣ ಕೇಬಲ್ಲಿನದೆಂದೇ ಎಣಿಸತಕ್ಕದ್ದು. ಸಣ್ಣ ಕೇಬಲ್ಲು ತಾನೊಂದೇ ಆ ಮೋಟರಿನ ಪ್ರವಾಹವನ್ನು ಹೊರಲಾರದಾದರೆ ಜೋಡಣೆಯು ಎಷ್ಟು ಉತ್ತಮವಾಗಿದ್ದರೂ ವ್ಯರ್ಥ. ಅಲ್ಲದೆ ಸ್ಟಾರ್ಟರಿನ ಹಿಂದಿರುವ ಫ್ಯೂಜು ದಪ್ಪ ಕೇಬಲ್ಲಿಗೆ ತಕ್ಕುದಾಗಿ ಹಾಕಿದ್ದಿರಬಹುದು. ಅದನ್ನು ಹಾಗೆಯೇ ಬಿಟ್ಟರೆ ತೊಂದರೆಯಾದಾಗ ಫ್ಯೂಜು ಹೋಗುವುದಕ್ಕೆ ಮೊದಲು ಸಣ್ಣ ಕೇಬಲ್ಲೇ ಸುಟ್ಟುಹೋಗುವುದು. ಫ್ಯೂಜನ್ನು ಸಣ್ಣ ಕೇಬಲ್ಲಿನ ಶಕ್ತಿಗೆ ತಕ್ಕಂತೆ ಬದಲಿಸಬೇಕು. ಫ್ಯೂಜಿನ ಜಾಗದಲ್ಲಿ ದಪ್ಪ ತಂತಿಯ ತುಂಡನ್ನು ಕಟ್ಟುವುದಂತೂ ಮನೆಗೆ ಕಾವಲಿಟ್ಟ ನಾಯಿಯ ಬಾಯಿ ಕಟ್ಟಿದಂತೆ.

ಹೆಣೆದ ಗಂಟು ಏಕೆ ಕೆಡುವುದು

ಹೆಣೆದ ಗಂಟಿನಲ್ಲಿ ಎರಡು ತಂತಿಗಳು ಕೆಲವೇ ಬಿಂದುಗಳಲ್ಲಿ ಒಂದನ್ನೊಂದು ಮುಟ್ಟುವವು. ಅಲ್ಯೂಮಿನಿಯಮ್ಮಿನ ಮೈಮೇಲೆ ಗಾಳಿ ತಾಕಿದೊಡನೆ ಕಣ್ಣಿಗೆ ಕಾಣದ ಒಂದು ತೆಳುವಾದ ಪೊರೆ ಬೆಳೆಯುವುದು. ಈ ಪೊರೆಯು ವಿದ್ಯುತ್ತನ್ನು ಹರಿಯಗೊಡದು. ಮೇಲಾಗಿ ಅಲ್ಯೂಮಿನಿಯಮ್ಮು ಮೆತ್ತನೆಯ ಲೋಹ. ಬಿಗಿದಲ್ಲಿ ನಿಧಾನವಾಗಿ ಹಿಂಜಿಹೋಗುವುದು. ಹಗಲು ಕಾಯ್ದು ರಾತ್ರಿ ತಣಿದು ಗಂಟು ದಿನದಿನಕ್ಕೆ ಸಡಿಲವಾಗುವುದು. ಸಡಿಲಾದಷ್ಟೂ ರೋಧ ಹೆಚ್ಚುವುದು. ರೋಧ ಹೆಚ್ಚಿದಷ್ಟೂ ಕಾವು ಹೆಚ್ಚುವುದು. ಕಾವು ಹೆಚ್ಚಿದಷ್ಟೂ ಇನ್ನೂ ಸಡಿಲಾಗುವುದು.

ಒಳ್ಳೆಯ ಜೋಡಣೆಯ ರೋಧವು ಒಂದು ಓಮಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. 15 ಆಂಪಿಯರು ಹರಿದರೂ ಅಲ್ಲಿ ಕಾಲು ವಾಟು ಕೂಡ ಶಾಖ ಹುಟ್ಟುವುದಿಲ್ಲ. ಸಡಿಲಾದ ಗಂಟಿನ ರೋಧವು ಅರ್ಧ ಓಮಿಗೆ ಏರಿತೆಂದರೆ ಅದೇ 15 ಆಂಪಿಯರಿಗೆ ಅಲ್ಲಿ 112 ವಾಟು ಶಾಖ ಹುಟ್ಟುವುದು. ಹಿಂದಿನ ಕಾಲದ 100 ವಾಟಿನ ಬಲ್ಬನ್ನು ಹೆಬ್ಬೆಟ್ಟಿನಷ್ಟು ಜಾಗದಲ್ಲಿ ಟೇಪಿನಿಂದ ಸುತ್ತಿಟ್ಟರೆ ಏನಾದೀತೋ ಅದೇ ಅಲ್ಲಿಯೂ ಆಗುವುದು. ಟೇಪು ಕರಗಿ ಬರಿ ತಂತಿಯು ಹಸಿ ನೆಲವನ್ನು ಮುಟ್ಟುವುದು; ಇಲ್ಲವೆ ಒಂದು ಫೇಸು ಕಡಿದುಹೋಗಿ ಮೋಟರು ಎರಡೇ ಫೇಸಿನ ಮೇಲೆ ನಡೆದು ಸುಡುವುದು.

ಲಗ್ಗು ಎಂದರೇನು

ಲಗ್ಗು ಒಂದು ಕಡೆ ಕೊಳವೆಯಾಗಿಯೂ ಇನ್ನೊಂದು ಕಡೆ ತೂತುಳ್ಳ ಚಪ್ಪಟೆ ಹಸ್ತವಾಗಿಯೂ ಇರುವ ಲೋಹದ ತುಂಡು. ಕೊಳವೆಯಲ್ಲಿ ಕೇಬಲ್ಲಿನ ತಂತಿಯನ್ನು ಸೇರಿಸಿ ಯಂತ್ರದಿಂದ ಒತ್ತುವರು. ಹಸ್ತದ ತೂತಿನಲ್ಲಿ ಬೋಲ್ಟು ಹಾಕಿ ಬಿಗಿಯುವರು. ಅದರ ಮೇಲೆ ಎರಡು ಅಂಕಿಗಳನ್ನು ಒತ್ತಿರುತ್ತಾರೆ. ಉದಾಹರಣೆಗೆ 16-8 ಎಂದಿದ್ದರೆ ಕೊಳವೆಯು 16 ಚದರ ಮಿಲಿಮೀಟರಿನ ತಂತಿಗೆ, ತೂತು 8 ಮಿಲಿಮೀಟರಿನ ಬೋಲ್ಟಿಗೆ ಎಂದು ತಿಳಿಯಬೇಕು.

ಅಳತೆ ಬೇರೆಯಾದ ಕೇಬಲ್ಲುಗಳನ್ನು ಕೂಡಿಸುವ ಗುಟ್ಟೆಲ್ಲವೂ ಈ ಎರಡು ಅಂಕಿಗಳಲ್ಲಿಯೇ ಇದೆ. ಮೊದಲನೆಯ ಅಂಕಿಯು ಆಯಾ ಕೇಬಲ್ಲಿಗೆ ತಕ್ಕಂತೆ ಬೇರೆ ಬೇರೆ ಇರತಕ್ಕದ್ದು. ಎರಡನೆಯ ಅಂಕಿಯು ಎರಡಕ್ಕೂ ಒಂದೇ ಇರತಕ್ಕದ್ದು. 16ರ ಕೇಬಲ್ಲಿಗೆ 16-8, 6ರ ಕೇಬಲ್ಲಿಗೆ 6-8. ಎರಡಕ್ಕೂ ಒಂದೇ 8ರ ಬೋಲ್ಟು. ಹೀಗೆ ಮಾಡಿದರೆ ಪ್ರತಿಯೊಂದು ತಂತಿಯೂ ತನಗೆ ಹೊಂದುವ ಕೊಳವೆಯಲ್ಲಿ ಗಟ್ಟಿಯಾಗಿ ನಿಲ್ಲುವುದು; ಅಳತೆಯ ವ್ಯತ್ಯಾಸವು ಹಸ್ತಗಳು ಕೂಡುವಲ್ಲಿ ತೊಂದರೆ ಕೊಡದು. ಸಣ್ಣ ತಂತಿಯನ್ನು ದೊಡ್ಡ ಕೊಳವೆಯಲ್ಲಿಟ್ಟು ಸಂದಿಗೆ ತಂತಿಯ ಚೂರುಗಳನ್ನು ತುಂಬುವುದು, ದಪ್ಪ ತಂತಿಯ ಕೆಲವು ಎಳೆಗಳನ್ನು ಕತ್ತರಿಸಿ ಸಣ್ಣ ಕೊಳವೆಯಲ್ಲಿ ತುರುಕುವುದು, ತೂತು ಸಣ್ಣದಾಯಿತೆಂದು ಕೊರೆದು ಹಿಗ್ಗಿಸುವುದು, ಈ ಮೂರೂ ವರ್ಜ್ಯ.

ಲೋಹಗಳ ವಿಷಯದಲ್ಲಿ ಎಚ್ಚರಿಕೆ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯು ತಾಮ್ರ ಅಲ್ಯೂಮಿನಿಯಮ್ಮುಗಳಿಗೆ ಚೆನ್ನಾಗಿ ಒಪ್ಪುವುದು. ಕಾವಿಗೆ ಒಂದು ಹಿಗ್ಗಿದಷ್ಟು ಇನ್ನೊಂದು ಹಿಗ್ಗದು. ಮೇಲಾಗಿ ಇವೆರಡೂ ನೇರವಾಗಿ ತಾಕಿರುವಲ್ಲಿ ತೇವ ಸೇರಿತೆಂದರೆ ಅಲ್ಯೂಮಿನಿಯಮ್ಮು ಬಿಳಿಯ ಪುಡಿಯಾಗಿ ಸವೆಯುತ್ತ ಹೋಗುವುದು. ಹಿನ್ನೀರ ದಂಡೆಯಲ್ಲಿ ತೇವಕ್ಕೆ ಕೊರತೆಯಿಲ್ಲ. ಆದುದರಿಂದ ಅಲ್ಯೂಮಿನಿಯಮ್ ಕೇಬಲ್ಲಿಗೆ ತಾಮ್ರದ ಲಗ್ಗನ್ನು ಎಂದಿಗೂ ಒತ್ತಬಾರದು. ಅಲ್ಯೂಮಿನಿಯಮ್ ಕೇಬಲ್ಲನ್ನು ತಾಮ್ರದ ಕೇಬಲ್ಲಿಗೆ ಕೂಡಿಸಬೇಕಾದಾಗ ಅಲ್ಯೂಮಿನಿಯಮ್ಮಿನ ಕಡೆಗೆ ಎರಡು ಲೋಹಗಳ ಲಗ್ಗನ್ನು ಉಪಯೋಗಿಸತಕ್ಕದ್ದು. ಇದರ ಕೊಳವೆ ಅಲ್ಯೂಮಿನಿಯಮ್ಮಿನದು, ಹಸ್ತ ತಾಮ್ರದ್ದು. ಎರಡನ್ನೂ ಕಾರಖಾನೆಯಲ್ಲಿಯೇ ಬೆಸೆದಿರುತ್ತಾರೆ. ತಾಮ್ರದ ಕೇಬಲ್ಲಿಗೆ ತಾಮ್ರದ ಲಗ್ಗನ್ನೇ ಹಾಕಿದರೆ ಹಸ್ತಗಳು ಕೂಡುವಲ್ಲಿ ತಾಮ್ರಕ್ಕೆ ತಾಮ್ರವೇ ಸೇರುವುದು. ಪೇಟೆಯ ವ್ಯಾಪಾರಿಗಳಿಗೆ ಬೈಮೆಟಲ್ ಲಗ್ಗು ಎಂದು ಹೇಳಿದರೆ ತಿಳಿಯುವುದು.

ಕೆಲಸದ ಕ್ರಮ

ಈ ಕೆಲಸವನ್ನು ಅನುಮತಿಪತ್ರ ಪಡೆದ ವೈರಮನ್ನನಿಂದಲೇ ಮಾಡಿಸತಕ್ಕದ್ದು. ಆದರೆ ಮಾಡಿದ ಕೆಲಸವು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ನೋಡಿ ತಿಳಿಯಲು ಜಮೀನುದಾರನಿಗೂ ಕ್ರಮದ ಪರಿಚಯವಿರಬೇಕು.

ಒಂದನೆಯದಾಗಿ, ಮುಖ್ಯ ಸ್ವಿಚ್ಚನ್ನು ಇಳಿಸಿ, ಫ್ಯೂಜುಗಳನ್ನು ಕಿತ್ತು, ಕೆಲಸ ಮಾಡುವವನು ಅವುಗಳನ್ನು ತನ್ನ ಕಿಸೆಯಲ್ಲಿಯೇ ಇಟ್ಟುಕೊಳ್ಳಬೇಕು. ವಿದ್ಯುತ್ತು ಬಂದೊಡನೆ ತಾನೇ ಹೊರಡುವಂತೆ ಸ್ಟಾರ್ಟರಿಗೆ ಆಟೋ ಯಂತ್ರವನ್ನು ಕೂಡಿಸಿಟ್ಟಿರುವವರು ಇಲ್ಲಿ ವಿಶೇಷ ಲಕ್ಷ್ಯ ಕೊಡಬೇಕು. ಈಗ ಕರೆಂಟಿಲ್ಲವೆಂದು ತಂತಿಗೆ ಕೈ ಹಚ್ಚಿದವನು ಸರದಿಯ ವಿದ್ಯುತ್ತು ಬಂದ ಕ್ಷಣದಲ್ಲಿ ಪ್ರಾಣ ಕಳೆದುಕೊಳ್ಳುವನು. ಫ್ಯೂಜು ಕಿತ್ತ ಮೇಲೂ ತಂತಿಗಳನ್ನು ಪರೀಕ್ಷಿಸಿಯೇ ಮುಟ್ಟಬೇಕು. ಟ್ರಾನ್ಸ್‌ಫಾರ್ಮರಿನ ಸ್ವಿಚ್ಚನ್ನು ಮುಟ್ಟುವ ಅಧಿಕಾರವು ವಿದ್ಯುತ್ ಸರಬರಾಜು ಕಂಪನಿಯ ನೌಕರರಿಗೆ ಮಾತ್ರ ಉಂಟು.

ಎರಡನೆಯದಾಗಿ, ಕೊಳವೆಯ ಆಳಕ್ಕೆ ಸರಿಯಾಗುವಷ್ಟೇ ಹೊದಿಕೆಯನ್ನು ಸುಲಿಯಬೇಕು. ಚಾಕುವಿನಿಂದ ಎಳೆಗಳು ಗಾಯವಾಗಬಾರದು. ಗಾಯವಾದ ಎಳೆ ಮುಂದೆ ಅಲ್ಲಿಯೇ ಮುರಿಯುವುದು. ಅಲ್ಯೂಮಿನಿಯಮ್ ತಂತಿಯನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ ಹೊಳಪು ಬಂದೊಡನೆ ಜೋಡಣೆಯ ಮುಲಾಮನ್ನು ಸವರಬೇಕು. ತಡಮಾಡಿದರೆ ಪೊರೆಯು ಮತ್ತೆ ಬೆಳೆಯುವುದು.

ಮೂರನೆಯದಾಗಿ, ತಂತಿಯನ್ನು ಕೊಳವೆಯ ಕೊನೆಯವರೆಗೆ ಸೇರಿಸಿ, ಆ ಅಳತೆಯ ಅಚ್ಚಿರುವ ಒತ್ತುವ ಯಂತ್ರದಿಂದ ಒತ್ತತಕ್ಕದ್ದು. ಎರಡು ಕೇಬಲ್ಲುಗಳ ಅಳತೆ ಬೇರೆಯಾದುದರಿಂದ ಅಚ್ಚನ್ನೂ ಬದಲಿಸಬೇಕೆಂಬುದನ್ನು ಮರೆಯಬಾರದು. ಸುತ್ತಿಗೆಯಿಂದ ಜಜ್ಜುವುದಾಗಲಿ, ಪಕ್ಕಡದಿಂದ ಹಿಸುಕುವುದಾಗಲಿ ಒತ್ತುವಿಕೆ ಎನಿಸದು. ಒತ್ತಿದ ಮೇಲೆ ಜಗ್ಗಿ ನೋಡಬೇಕು. ಅಲುಗಿದರೆ ಕತ್ತರಿಸಿ ಹೊಸ ಲಗ್ಗು ಹಾಕಬೇಕು. ಎಳೆಗಳಿಲ್ಲದೆ ಒಂದೇ ಗಟ್ಟಿ ತಂತಿಯಾಗಿರುವ ಅಲ್ಯೂಮಿನಿಯಮ್ ಕೇಬಲ್ಲಿಗೆ ಎಲ್ಲ ಲಗ್ಗುಗಳೂ ಹೊಂದುವುದಿಲ್ಲ. ಇದನ್ನು ಕೊಳ್ಳುವಾಗಲೇ ಕೇಳಿ ತಿಳಿಯಬೇಕು.

ನಾಲ್ಕನೆಯದಾಗಿ, ಎರಡು ಹಸ್ತಗಳ ಚಪ್ಪಟೆ ಮುಖಗಳನ್ನು ಒಂದಕ್ಕೊಂದು ನೇರವಾಗಿ ಕೂಡಿಸಬೇಕು. ಅವುಗಳ ನಡುವೆ ವಾಶರನ್ನು ಹಾಕಬಾರದು. ಏಕೆಂದರೆ ಪ್ರವಾಹವು ಹಸ್ತದಿಂದ ಹಸ್ತಕ್ಕೆ ಹರಿಯತಕ್ಕದ್ದು; ಬೋಲ್ಟಿನ ಕೆಲಸವು ಅವನ್ನು ಒತ್ತಿ ಹಿಡಿಯುವುದಷ್ಟೆ. ಬೋಲ್ಟಿನ ತಲೆ, ಅದರ ಕೆಳಗೆ ಚಪ್ಪಟೆ ವಾಶರು, ಎರಡು ಹಸ್ತಗಳು, ಮತ್ತೆ ಚಪ್ಪಟೆ ವಾಶರು, ಅದರ ಮೇಲೆ ಸ್ಪ್ರಿಂಗ್ ವಾಶರು, ಕೊನೆಗೆ ನಟ್ಟು: ಇದೇ ಸರಿಯಾದ ಸಾಲು. ತವರದ ಕಲಾಯಿ ಇರುವ ಹಸ್ತಗಳನ್ನು ಉಜ್ಜಬಾರದು, ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಬಿಗಿಯುವಾಗ ಎರಡು ಪಾನಾ ಬೇಕು. ಒಂದು ಬೋಲ್ಟಿನ ತಲೆಯನ್ನು ಹಿಡಿಯಲು, ಇನ್ನೊಂದು ನಟ್ಟನ್ನು ತಿರುಗಿಸಲು. ಒಂದೇ ಪಾನಾದಿಂದ ಬಿಗಿದರೆ ಲಗ್ಗು ತಿರುಚಿ ತಂತಿಯ ಎಳೆಗಳು ಮುರಿಯುವವು. ಸ್ಪ್ರಿಂಗ್ ವಾಶರು ಚಪ್ಪಟೆಯಾಗುವವರೆಗೆ ಬಿಗಿದು ನಿಲ್ಲಿಸಬೇಕು. ಅತಿಯಾಗಿ ಬಿಗಿದರೆ ಮೆತ್ತನೆಯ ಅಲ್ಯೂಮಿನಿಯಮ್ಮು ಹಿಂಜುವುದು.

ಐದನೆಯದಾಗಿ, ಮೂರು ಫೇಸುಗಳ ಜೋಡಣೆಗಳು ಒಂದರ ಪಕ್ಕದಲ್ಲೊಂದು ಬಾರದಂತೆ ತಂತಿಗಳನ್ನು ಹೆಚ್ಚುಕಡಿಮೆ ಉದ್ದಕ್ಕೆ ಕತ್ತರಿಸಿ, ಜೋಡಣೆಗಳನ್ನು ಹಿಂದೆಮುಂದೆ ಇಡಬೇಕು. ಬೋಲ್ಟಿನ ಮೂಲೆಗಳು ಟೇಪನ್ನು ಚುಚ್ಚದಂತೆ ಮೊದಲು ಅವುಗಳ ಸುತ್ತಲೂ ನಿರೋಧಕ ಲಪ್ಪವನ್ನು ಮೆತ್ತಿ, ಅದರ ಮೇಲೆ ತನ್ನಷ್ಟಕ್ಕೆ ತಾನೇ ಅಂಟಿಕೊಳ್ಳುವ ರಬ್ಬರು ಟೇಪನ್ನು ಜಗ್ಗಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಸುತ್ತಬೇಕು. ಟೇಪು ಎರಡೂ ಕಡೆ ಕೇಬಲ್ಲಿನ ಒಳ್ಳೆಯ ಹೊದಿಕೆಯ ಮೇಲೆ ಐದು ಸೆಂಟಿಮೀಟರಾದರೂ ಹಾಯಬೇಕು. ಎಲ್ಲದರ ಮೇಲೆ ಸಾಧಾರಣ ಟೇಪು. ಕಾವಿಗೆ ಕುಗ್ಗುವ ಕೊಳವೆಯನ್ನು ಉಪಯೋಗಿಸುವುದಾದರೆ ಅದನ್ನು ಬೋಲ್ಟು ಹಾಕುವ ಮೊದಲೇ ಕೇಬಲ್ಲಿಗೆ ಪೋಣಿಸಿಡಬೇಕು.

ಜೋಡಣೆ ಇರಬೇಕಾದ ಸ್ಥಳ

ಇಷ್ಟು ಮಾಡಿದ ಮೇಲೂ ಬೋಲ್ಟಿನ ಜೋಡಣೆಯನ್ನು ನೀರಿನಲ್ಲಾಗಲಿ ಕೆಸರಿನಲ್ಲಾಗಲಿ ಬಿಡಬಾರದು. ಅದಕ್ಕೆ ತಕ್ಕ ಸ್ಥಳವು ದಂಡೆಯ ಮೇಲೆ, ಜಲಾಶಯ ತುಂಬಿದಾಗಲೂ ನೀರು ಮುಟ್ಟದ ಎತ್ತರದಲ್ಲಿ ನೆಟ್ಟ ಗಟ್ಟಿ ಕಂಬಕ್ಕೆ ಹಚ್ಚಿದ ಮುಚ್ಚಳವುಳ್ಳ ಪೆಟ್ಟಿಗೆ. ಪೆಟ್ಟಿಗೆಯೊಳಗೆ ನಿರೋಧಕ ಹಲಗೆಯ ಮೇಲೆ ಮೂರು ಬೋಲ್ಟುಗಳನ್ನು ನಿಲ್ಲಿಸಿ, ಸ್ಟಾರ್ಟರಿನಿಂದ ಬಂದ ದಪ್ಪ ಕೇಬಲ್ಲಿನ ಲಗ್ಗನ್ನೂ ಪಂಪಿಗೆ ಹೋಗುವ ಕೇಬಲ್ಲಿನ ಲಗ್ಗನ್ನೂ ಒಂದೇ ಬೋಲ್ಟಿಗೆ, ಹಸ್ತಕ್ಕೆ ಹಸ್ತ ತಾಗುವಂತೆ ಬಿಗಿಯಬೇಕು. ಕೇಬಲ್ಲುಗಳು ಪೆಟ್ಟಿಗೆಯ ಕೆಳಮುಖದಿಂದ ಒಳಸೇರುವಂತಿದ್ದರೆ ಮಳೆಯ ನೀರು ಇಳಿಯದು. ಕೇಬಲ್ಲಿನ ಭಾರವು ಲಗ್ಗಿನ ಮೇಲೆ ಬೀಳದಂತೆ ಕಂಬಕ್ಕೆ ಹಿಡಿಕೆ ಹಾಕಬೇಕು.

ಈ ಪೆಟ್ಟಿಗೆಯಿಂದ ಪಂಪಿನವರೆಗೆ ಕೇಬಲ್ಲು ಒಂದೇ ತುಂಡಾಗಿರತಕ್ಕದ್ದು. ಬೇಸಿಗೆಯಲ್ಲಿ ನೀರು ಬಹಳ ದೂರ ಸರಿಯುವುದೆಂಬುದು ಪ್ರತಿವರ್ಷದ ಅನುಭವ. ಆದುದರಿಂದ ಆ ಹೆಚ್ಚಿನ ದೂರವನ್ನು ಮೊದಲೇ ಅಳೆದು, ಅಷ್ಟು ಉದ್ದದ ಒಂದೇ ಕೇಬಲ್ಲನ್ನು ಕೊಂಡು, ಮಿಕ್ಕ ತಿಂಗಳುಗಳಲ್ಲಿ ಅಗಲವಾದ ಸುರುಳಿಯಾಗಿ ಹರಡಿಡುವುದು ಲೇಸು. ನೀರಿನೊಳಗಿನ ಪಂಪಿಗೆ ಜೋಡಣೆಯು ಅನಿವಾರ್ಯವಾದಲ್ಲಿ ಬೋಲ್ಟಿನ ಲಗ್ಗಲ್ಲ, ನೇರವಾಗಿ ಒತ್ತುವ ಕೊಳವೆಯನ್ನೂ ನೀರು ಹೋಗದ ಹೊದಿಕೆಯ ಸಾಮಗ್ರಿಯನ್ನೂ ಉಪಯೋಗಿಸಬೇಕು.

ಭೂಸಂಪರ್ಕದ ತಂತಿಯನ್ನು ಯಾರೂ ಕಡೆಗಣಿಸಬಾರದು. ಫೇಸಿನ ತಂತಿಗಳನ್ನು ಕೂಡಿಸಿ ಇದನ್ನು ಬಿಟ್ಟುಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಪಂಪು ಇದಿಲ್ಲದೆಯೂ ನಡೆಯುವುದರಿಂದ ತಪ್ಪು ಕಣ್ಣಿಗೆ ಬೀಳದು. ಸೋರಿಕೆಯಾದ ದಿನ ಮೋಟರಿನ ಮೈ ಮುಟ್ಟಿದವನಿಗೆ ಅದು ತಿಳಿಯುವುದು. ಮೋಟರಿನ ಹೊರಮೈಗೆ ಎರಡು ಪ್ರತ್ಯೇಕ ಭೂಸಂಪರ್ಕಗಳಿರತಕ್ಕದ್ದು. ಆ ತಂತಿಗಳಿಗೂ ಅವುಗಳದೇ ಲಗ್ಗು ಬೋಲ್ಟುಗಳಿರಬೇಕು. ಸೋರಿಕೆ ಕಂಡೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚನ್ನು ಹಾಕಿಸುವುದು ಇನ್ನೂ ಉತ್ತಮ.

ಪರೀಕ್ಷೆ

ಜೋಡಣೆ ಮುಗಿದ ಮೇಲೆ ಮೋಟರನ್ನೂ ಸ್ಟಾರ್ಟರನ್ನೂ ಬಿಡಿಸಿ, ಕೇಬಲ್ಲಿನ ನಿರೋಧವನ್ನು 500 ವೋಲ್ಟಿನ ಮೆಗ್ಗರಿನಿಂದ ಅಳೆಯಬೇಕು. ಫೇಸು ಫೇಸುಗಳ ನಡುವೆಯೂ, ಫೇಸು ಭೂಮಿಗಳ ನಡುವೆಯೂ ಅದು ಒಂದು ಮೆಗಾಓಮಿಗೆ ಕಡಿಮೆಯಿದ್ದರೆ ವಿದ್ಯುತ್ತನ್ನು ಹಾಯಿಸಬಾರದು. ಪಂಪು ಹೊರಟ ಮೇಲೆ ನೀರು ಮೊದಲಿನಷ್ಟೇ ಬೀಳುವುದೋ ನೋಡಬೇಕು. ಎರಡು ಫೇಸುಗಳು ಅದಲುಬದಲಾಗಿದ್ದರೆ ಪಂಪು ಹಿಮ್ಮುಖವಾಗಿ ತಿರುಗಿ ನೀರು ಕಡಿಮೆ ಬೀಳುವುದು. ಸ್ಟಾರ್-ಡೆಲ್ಟಾ ಸ್ಟಾರ್ಟರಿದ್ದಲ್ಲಿ ಆರು ತಂತಿಗಳು ಬರುವುದರಿಂದ ಬಿಚ್ಚುವ ಮೊದಲೇ ಪ್ರತಿಯೊಂದಕ್ಕೂ ಗುರುತು ಕಟ್ಟಬೇಕು. ಮೂರು ಫೇಸುಗಳ ಆಂಪಿಯರುಗಳು ಹೆಚ್ಚುಕಡಿಮೆ ಸಮವಾಗಿರಬೇಕು. ಅರ್ಧ ತಾಸು ನಡೆಸಿ, ಸ್ವಿಚ್ಚು ಇಳಿಸಿ, ಫ್ಯೂಜು ಕಿತ್ತು, ವಿದ್ಯುತ್ತು ಇಲ್ಲವೆಂದು ಪರೀಕ್ಷಿಸಿ ಖಚಿತಪಡಿಸಿಕೊಂಡ ಮೇಲೆ ಜೋಡಣೆಯ ಮೇಲೆ ಕೈಯಿಟ್ಟು ನೋಡಬಹುದು. ಕೇಬಲ್ಲಿಗಿಂತ ಜೋಡಣೆಯೇ ಬಿಸಿಯಾಗಿದ್ದರೆ ಅದು ಕೆಟ್ಟ ಜೋಡಣೆ. ಪ್ರತಿವರ್ಷ ಮುಂಗಾರಿಗೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪೆಟ್ಟಿಗೆಯನ್ನು ಇದೇ ಎಚ್ಚರಿಕೆಯಿಂದ ತೆರೆದು ನೋಡತಕ್ಕದ್ದು. ಬಿಳಿಯ ಪುಡಿ, ಕಪ್ಪಾದ ಟೇಪು, ಕರಗಿದ ಹೊದಿಕೆ, ಇವು ಕೇಡಿನ ಮುನ್ಸೂಚನೆಗಳು.

ಊರ ಪ್ರಮುಖರ ಹೊಣೆ

ಒಂದು ಜೋಡಣೆಗೆ ಬೇಕಾಗುವ ಲಗ್ಗು, ಬೋಲ್ಟು, ಟೇಪುಗಳ ಖರ್ಚು ಒಂದು ಮೋಟರಿನ ಸುರುಳಿ ಕಟ್ಟಿಸುವ ಖರ್ಚಿನ ಮುಂದೆ ಬಹು ಸಣ್ಣದು. ಒತ್ತುವ ಯಂತ್ರವು ಮಾತ್ರ ಒಬ್ಬೊಬ್ಬರಿಗೆ ದುಬಾರಿ. ಅದನ್ನು ಊರಿನ ಸಹಕಾರಿ ಸಂಘದ ಮೂಲಕ ಒಂದೇ ಕೊಂಡು, ಅಚ್ಚುಗಳ ಸಹಿತ ಎಲ್ಲರ ಉಪಯೋಗಕ್ಕೂ ಇಡಬಹುದು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರಿ ಸಂಘವನ್ನು ಕಟ್ಟಿ ದಾರಿ ತೋರಿಸಿದ ಈ ಭಾಗದಲ್ಲಿ ಇಷ್ಟು ಸಣ್ಣ ಕಾರ್ಯವು ಕಠಿಣವಾಗಲಾರದು.

ಮಳೆಗಾಲದ ಮುಂಚೆ ಊರ ಪ್ರಮುಖರು ದಂಡೆಯುದ್ದಕ್ಕೂ ಒಮ್ಮೆ ತಿರುಗಾಡಿ, ಹೆಣೆದ ಗಂಟುಗಳೆಲ್ಲಿವೆ, ನೆಲದ ಮೇಲೆ ಬಿದ್ದ ಜೋಡಣೆಗಳೆಲ್ಲಿವೆ ಎಂಬುದನ್ನು ನೋಡಿ ತೆಗೆಸಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆಗೆ ಬಂದ ಮಹಾಪೂರವನ್ನು ಕಂಡವರಿಗೆ ನೀರು ಎಷ್ಟು ಬೇಗ ಏರುವುದೆಂಬುದನ್ನು ಹೇಳಬೇಕಾಗಿಲ್ಲ. ನೀರು ಏರುವಾಗ ಮೊದಲು ಮಾಡಬೇಕಾದುದು ಸ್ವಿಚ್ಚು ಇಳಿಸುವುದು, ಪಂಪನ್ನು ಎಳೆಯುವುದು ಆಮೇಲೆ. ಕೇಬಲ್ಲು ಬಿದ್ದಿರುವ ನೀರಿನಲ್ಲಿ ಯಾರೂ ಇಳಿಯಬಾರದು. ಯಾರಿಗಾದರೂ ವಿದ್ಯುತ್ತು ತಗುಲಿದರೆ ಅವರನ್ನು ಕೈಯಿಂದ ಮುಟ್ಟದೆ, ಮೊದಲು ವಿದ್ಯುತ್ತನ್ನು ಕಡಿಯಬೇಕು. ಲೈನಿನ ತೊಂದರೆಗೆ ವಿದ್ಯುತ್ ಸರಬರಾಜು ಕಂಪನಿಯ 1912 ಎಂಬ ದೂರವಾಣಿ ಸಂಖ್ಯೆಗೆ ತಿಳಿಸತಕ್ಕದ್ದು.

ಹೊಲಕ್ಕೆ ನೀರು ಬೇಕು. ಅದಕ್ಕೆ ಪಂಪು ಬೇಕು. ಪಂಪಿಗೆ ಕೇಬಲ್ಲು ಸಾಲದಾದಾಗ ಇನ್ನೊಂದನ್ನು ಕೂಡಿಸಲೂ ಬೇಕು. ಸಣ್ಣದರ ಶಕ್ತಿಯನ್ನು ತಿಳಿದು, ಆಯಾ ತಂತಿಗೆ ಆಯಾ ಲಗ್ಗನ್ನು ಒತ್ತಿ, ಒಂದೇ ಬೋಲ್ಟಿಗೆ ಬಿಗಿದು, ನೀರು ಮುಟ್ಟದ ಎತ್ತರದಲ್ಲಿ ಅದನ್ನಿರಿಸಿದ ಜಮೀನುದಾರನ ಹೊಲದಲ್ಲಿ ರಾತ್ರಿ ನೀರು ಹಾಯಿಸಲು ಹೋದವರು ಬೆಳಗಾಗುವಷ್ಟರಲ್ಲಿ ಮನೆಗೆ ಮರಳುವರು.